ಸೈರನ್ ಆದ ಮೇಲೆ ಬರುವವಳು

ಮಾರ್ಚ್ 3, ಸೋಮವಾರ

ಹದಿನಾಲ್ಕು ಕುಳಿ. ಹದಿನಾಲ್ಕೂ ಸಿಡಿದವು. ಸರಿಯಾಗಿ ಒಂದು ಗಂಟೆಗೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ — ಕ್ವಾರಿಯ ಬಂಡೆಗೆ ಮದ್ದು ತುಂಬುವುದು, ಎಲ್ಲರನ್ನೂ ಹೊರಗೆ ಕಳಿಸುವುದು, ಗುಂಡಿ ಒತ್ತುವುದು. ಈ ಗುಡ್ಡ ಆಗಲು ಎಷ್ಟು ಲಕ್ಷ ವರ್ಷ ಹಿಡಿಯಿತೋ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ನಾನು.

ಊಟದ ಹೊತ್ತಿಗೆ ಮತ್ತೆ ಜಗಳ. ಕ್ವಾರಿಯೊಳಗಿನ ತಗಡಿನ ಶೆಡ್ಡಿನಲ್ಲಿ ಡಬ್ಬಿ ಬಿಟ್ಟು ಹೋಗುತ್ತಾರೆ, ಸಿಡಿದ ಮೇಲೆ ಬಂದು ಉಣ್ಣುತ್ತಾರೆ. ಇವತ್ತೂ ಎರಡು ಡಬ್ಬಿ ಖಾಲಿ. ಎಲ್ಲರ ಕಣ್ಣು ಡ್ರಿಲ್ಲಿನವನ ಮೇಲೆ. ಬಕಾಸುರ ಎಂದೇ ಅವನನ್ನು ಕರೆಯುವುದು.

"ನಾನು ಯಾವತ್ತು ಕದ್ದು ತಿಂದಿದೀನಿ ಕಣ್ರೋ? ತಿನ್ನೋದಾದ್ರೆ ನಿಮ್ಮೆದುರಿಗೇ ಕಿತ್ಕೊಂಡು ತಿಂತೀನಿ!"

ಮಾತು ನಿಜ. ಯಾರೂ ನಂಬಲಿಲ್ಲ. ಅವನು ಉಣ್ಣದೆ ಎದ್ದು ಹೋದ. ಬಕಾಸುರ ಉಣ್ಣದೆ ಎದ್ದದ್ದು ನಾನು ನೋಡಿದ್ದು ಇದೇ ಮೊದಲು.

ಮಾರ್ಚ್ 4, ಮಂಗಳವಾರ

ಕಳ್ಳ ಸಿಕ್ಕ. ಕಳ್ಳನಲ್ಲ, ಕಳ್ಳಿ.

12.45ಕ್ಕೆ ಮೊದಲ ಸೈರನ್. ಎಲ್ಲರೂ ಹೊರಗೆ ಹೋಗಿ ತಮ್ಮ ಹಿತ್ತಾಳೆ ಬಿಲ್ಲೆಗಳನ್ನು ಗೇಟಿನ ಹಲಗೆಗೆ ಸಿಕ್ಕಿಸಿದರು. 12.55ಕ್ಕೆ ಎರಡನೆಯದು. ಗೇಟಿನ ಅಕ್ಕ ಬಿಲ್ಲೆ ಎಣಿಸಿ ಫೋನ್ ಮಾಡಿದಳು — "ಎಲ್ಲಾ ಬಂದಿವೆ ಯಜಮಾನ್ರೇ." ಒಂದಕ್ಕೆ ಮೂರನೆಯ ಸೈರನ್, ಗುಂಡಿ. ಆ ಹದಿನೈದು ನಿಮಿಷ ಒಳಗೆ ನರಪಿಳ್ಳೆ ಇರುವುದಿಲ್ಲ. ನಾನೊಬ್ಬ, ಎದುರು ದಿಬ್ಬದ ಮೇಲಿನ ಕಬ್ಬಿಣದ ಗೂಡಿನಲ್ಲಿ.

ದುರ್ಬೀನು ಹಿಡಿದು ಸುಮ್ಮನೆ ಕಣ್ಣಾಡಿಸುತ್ತಿದ್ದೆ. ಹಳೆಯ ಕಲ್ಲುಗುಡ್ಡೆಯ ಹಿಂದಿನಿಂದ ಒಂದು ನಾಯಿ ಇಳಿಯಿತು. ನಾಯಿ ಅಲ್ಲ. ನಡಿಗೆ ಬೇರೆ. ಉದ್ದ ಕಾಲು, ಬೂದಿ ಬಣ್ಣ, ತಲೆ ತಗ್ಗಿಸಿ ನೆಲ ಅಳೆಯುತ್ತ... ತೋಳ. ಹಾಡುಹಗಲು. ತನ್ನ ಮನೆಗೆ ತಾನು ಹೋದ ಹಾಗೆ ಶೆಡ್ಡಿಗೆ ಹೋದಳು. ಹೊರಬಂದಾಗ ಬಾಯಲ್ಲಿ ಯಾರದೋ ಊಟ. ಹೊಟ್ಟೆಯಡಿ ಮೊಲೆಗಳು ಜೋತಿದ್ದವು. ಬಾಣಂತಿ.

ಜನರನ್ನು ಓಡಿಸಲು ನಾವು ಊದುವ ಸೈರನ್ ಅವಳಿಗೆ ಊಟದ ಗಂಟೆಯಾಗಿದೆ. ಜನ ಹೋದರು ಎಂದು ಅರ್ಥ ಮಾಡಿಕೊಂಡಿದ್ದಾಳೆ. ಆಮೇಲೇನು ಆಗುತ್ತದೆ ಎನ್ನುವುದು ಗೊತ್ತಿಲ್ಲ.

ಮದ್ದಿನ ಕೋಣೆಯಲ್ಲಿ ಮುಳ್ಳುಹಂದಿ ಕಂಡಿದ್ದೇನೆ. ಒಮ್ಮೆ ಹೆಲ್ಮೆಟ್ಟಿನೊಳಗೆ ಹಾವು, ಇನ್ನೇನು ತಲೆಗೆ ಹಾಕಬೇಕು. ಹೆದರಿದೆ, ಮರೆತೆ. ಇದು ಹಾಗಲ್ಲ. ಶೆಡ್ಡಿನವರೆಗೂ ಕಲ್ಲು ಹಾರುತ್ತದೆ. ತಗಡು ಪೂರ್ತಿ ತೂತು. ಅವಳು ಗುಡ್ಡೆ ಹತ್ತಿ ಮರೆಯಾಗುವವರೆಗೆ ಒತ್ತಲಾಗಲಿಲ್ಲ. 1.04. ಕ್ವಾರಿಯ ದಾಖಲೆ ಪುಸ್ತಕದಲ್ಲಿ 1.00 ಎಂದೇ ಬರೆದೆ.

ಮಾರ್ಚ್ 6, ಗುರುವಾರ. ಬೆಳಗ್ಗೆ 5.30

ನಿದ್ದೆ ಇಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ಇವಳು ಎದ್ದು ಬಂದು, "ಕಾಲಿಗೆ ಚಕ್ರ ಕಟ್ಕೊಂಡಿದೀರೇನ್ರೀ?" ಎಂದಳು. ಹೊಟ್ಟೆ ಸರಿಯಿಲ್ಲ ಎಂದೆ. ಹಾಗಾದರೆ ನಿನ್ನೆಯಿಂದ ಬ್ರೆಡ್ಡು, ಮೊಟ್ಟೆ ಎರಡರಷ್ಟು ಕಟ್ಟಿಸಿಕೊಳ್ಳುತ್ತಿರುವುದು ಯಾಕೆ ಎಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹಲ್ಲುಜ್ಜಲು ಹೋದೆ.

ನಿನ್ನೆ 1.06.

ಮಾರ್ಚ್ 11, ಮಂಗಳವಾರ

ಉಪಾಯ ಫಲಿಸಿತು. ಗೂಡಿನ ಕಿಟಕಿಯಿಂದ ಬ್ರೆಡ್ ಎಸೆಯುತ್ತಿದ್ದೇನೆ, ಆರು ದಿನದಿಂದ. ಮೊದಲು ದೂರ, ದಿನಕ್ಕಿಷ್ಟು ಹತ್ತಿರ. ಗೂಡಿನ ಹತ್ತಿರ ಇದ್ದರೆ ಕಲ್ಲು ತಾಗುವುದಿಲ್ಲ. ಇವತ್ತು ಕಿಟಕಿಯ ಕೆಳಗೇ ಬಂದಳು. ಆರಡಿ. ಕಣ್ಣು ಹಳದಿ. ಒಂದು ಕಿವಿಯ ತುದಿ ಹರಿದಿದೆ. ನನ್ನನ್ನು ನೋಡಲಿಲ್ಲ, ಕೈ ನೋಡಿದಳು. ಕೈ ಎತ್ತಿದರೆ ತಲೆ ಎತ್ತುತ್ತಾಳೆ.

ಅವಳು ತಿನ್ನುತ್ತಿರುವಾಗಲೇ ಒತ್ತಿದೆ. ನೆಲ ನಡುಗಿತು. ಅವಳ ಕಿವಿ ಮಾತ್ರ ಒಮ್ಮೆ ಹಿಂದಕ್ಕೆ ಹೋಗಿ ಬಂತು.

ಇಷ್ಟು ಖುಷಿ ಯಾವಾಗ ಆಗಿತ್ತೋ. ಯಾರಿಗೂ ಹೇಳುವ ಹಾಗಿಲ್ಲ. 1.10.

ಮಾರ್ಚ್ 12, ಬುಧವಾರ

ಗುಡ್ಡೆಯ ಮೇಲೆ ಮರಿಗಳು! ಮೂರು. ಒಂದರ ಮೇಲೊಂದು ಬಿದ್ದು ಇಣುಕಿದವು. ಅಮ್ಮ ತಿರುಗಿ ನೋಡಿದ್ದೇ ತಡ, ಮಾಯ.

ಮ್ಯಾನೇಜರ್ ಕೇಳಿದರು, "ದಿನಾ ತಡ ಆಗ್ತಿದೆಯಲ್ಲ, ಏನ್ರೀ ಸಮಸ್ಯೆ?" ವೈರ್ ಹಳೆಯದು, ಎರಡೆರಡು ಸಲ ಚೆಕ್ ಮಾಡ್ತೀನಿ ಎಂದೆ. "ಒಳ್ಳೇದು, ಜಾಗ್ರತೆ ಮುಖ್ಯ" ಎಂದು ಬೆನ್ನು ತಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 19, ಬುಧವಾರ

ಇವತ್ತಿನದನ್ನು ಬರೆಯಲೇಬೇಕು.

ಅಕ್ಕ ಫೋನ್ ಮಾಡಿದಳು — ಎಲ್ಲಾ ಬಂದಿವೆ. ಅವಳೂ ಬಂದಳು, ಕಿಟಕಿಯ ಕೆಳಗೆ. 1.09. ಮೂರನೆಯ ಸೈರನ್ ಒಂದಕ್ಕೇ ಆಗಿತ್ತು. ಕೀಲಿ ತಿರುಗಿಸಿದೆ. ಹೆಬ್ಬೆರಳು ಗುಂಡಿಯ ಮೇಲೆ.

ಅವಳು ಬಾಯಲ್ಲಿದ್ದದ್ದನ್ನು ಬಿಟ್ಟಳು. ತಲೆ ಶೆಡ್ಡಿನ ಕಡೆಗೆ. ಕತ್ತಿನ ಕೂದಲು ನಿಮಿರಿತು. ಗುರ್ರ್ ಎಂದಳು — ನಾನು ಅವಳ ದನಿ ಕೇಳಿದ್ದೇ ಮೊದಲು. ಖಾಲಿ ಶೆಡ್ಡು ನೋಡಿ ಯಾಕೆ ಗುರುಗುಟ್ಟಬೇಕು? ದುರ್ಬೀನು ಎತ್ತಿದೆ. ತಗಡಿನ ಕಿಂಡಿಯಲ್ಲಿ ಹಳದಿ ಹೆಲ್ಮೆಟ್.

ಬಕಾಸುರ.

ಕೀಲಿ ಕಿತ್ತೆ. ಕೂಗಿದೆ. ಏನು ಕೂಗಿದೆನೋ. ಅವಳು ಓಡಿಹೋದಳು. ಅವನು ಹೊರಗೆ ಬಂದ, ಕೈಯಲ್ಲೊಂದು ಕೋಲು.

"ಯಾರು ತಿಂತಾರೆ ಅಂತ ನೋಡೋಣ ಅಂತ ಬಿಲ್ಲೆ ಸಿಕ್ಕಿಸಿ ಹಿಂದಿನ ದಾರೀಲಿ ಬಂದೆ ಅಣ್ಣಾ. ಕಳ್ಳ ಅನ್ನೋ ಹೆಸರು ಹೊತ್ಕೊಂಡು ಎಷ್ಟು ದಿನ ಇರ್ಲಿ?"

"ಸೈರನ್ ಆಗಿತ್ತಲ್ಲೋ! ಮೂರನೇದು!"

"ಒಂದು ಗಂಟೆ ಅಂದ್ರೆ ನಿಮ್ದು ಒಂದೂ ಹತ್ತು ತಾನೇ. ಎಲ್ರಿಗೂ ಗೊತ್ತು. ಇನ್ನೂ ಟೈಮಿದೆ ಅನ್ಕೊಂಡೆ."

ಎಲ್ಲರಿಗೂ ಗೊತ್ತು. ಅವಳು ಕಲಿತಂತೆ ಇವರೂ ಕಲಿತಿದ್ದರು. ಕಲಿಸಿದವನು ನಾನು.

ಅಲ್ಲೇ ಕೂತು ಅವನಿಗೆ ಎಲ್ಲ ಹೇಳಿದೆ. ಡಬ್ಬಿ ಖಾಲಿ ಮಾಡಿದ್ದು ಯಾರು, ತಡ ಯಾಕೆ, ಯಾರು ಗುರುಗುಟ್ಟಿದ್ದು. ಕೋಲನ್ನು ಕೆಳಗಿಟ್ಟ. ಆಮೇಲೆ, "ಹಂಗಾದ್ರೆ ನನ್ ಪ್ರಾಣ ಉಳ್ಸಿದ್ದು ಅದು. ನೀವಲ್ಲ" ಎಂದ. ಸಿಟ್ಟಿನಿಂದ ಅಲ್ಲ. ಲೆಕ್ಕ ಸರಿಯಿದೆ ಅನ್ನುವಂತೆ.

ಮಾರ್ಚ್ 20, ಗುರುವಾರ

ಮ್ಯಾನೇಜರ ಮುಂದೆ ಎಲ್ಲ ಒಪ್ಪಿಕೊಂಡೆ. ಪುಸ್ತಕದ ಸುಳ್ಳು ಸಮೇತ. ಬೆನ್ನು ತಟ್ಟಿದ್ದ ಮನುಷ್ಯ ಮುಖ ನೋಡಲಿಲ್ಲ.

"ಇನ್ನೊಂದು ನಿಮಿಷ ತಡ ಆದ್ರೆ ನಿಮ್ಮ ಲೈಸೆನ್ಸ್ ನಾನೇ ವಾಪಸ್ ಕಳಿಸ್ತೀನಿ. ಆ ತೋಳಕ್ಕೆ ಗುಂಡು ಹೊಡೆಯೋರನ್ನ ಕರೆಸ್ತೀನಿ."

"ಮರಿ ಇವೆ ಸಾರ್."

"ನಮ್ಮವರಿಗೂ ಇವೆ."

ಕೊನೆಗೆ ಒಂದು ವಾರ ಕೊಟ್ಟರು. ಅಷ್ಟರೊಳಗೆ ನಾನೇ ಅವಳನ್ನು ಓಡಿಸಬೇಕು. ಡಬ್ಬಿಗಳೆಲ್ಲ ಇವತ್ತಿನಿಂದ ಗೇಟಿನಲ್ಲಿ. ಬಕಾಸುರನ ಕ್ಷಮೆ ಎಲ್ಲರೂ ಕೇಳಿದರಂತೆ, ಅವನು ಎಲ್ಲರ ಡಬ್ಬಿಯಿಂದ ಒಂದೊಂದು ತುತ್ತು ವಸೂಲಿ ಮಾಡಿದನಂತೆ.

ಮಾರ್ಚ್ 21, ಶುಕ್ರವಾರ

1.00ಕ್ಕೆ ಒತ್ತಿದೆ. ಅವಳು ಅರ್ಧ ದಾರಿಯಲ್ಲಿದ್ದಳು. ಧೂಳು ಇಳಿಯುವ ತನಕ ದುರ್ಬೀನಿನಲ್ಲಿ ಹುಡುಕಿದೆ. ಬದುಕಿದ್ದಳು. ನಾಳೆ?

ಮಾರ್ಚ್ 25, ಮಂಗಳವಾರ

ಡಬ್ಬಿ ಬಡಿದೆ. ಪಟಾಕಿ ಹಚ್ಚಿದೆ. ಮದ್ದಿನ ಮಗ್ಗುಲಲ್ಲಿ ಮರಿ ಹಾಕಿದವಳಿಗೆ ಪಟಾಕಿ! ಮೂಸಿ ನೋಡಿ ಕೂತಳು. ಕಿಟಕಿ ಮುಚ್ಚಿದೆ. ಗೂಡಿನ ಸುತ್ತ ಎರಡು ಸುತ್ತು ಬಂದು ತಗಡು ಕೆರೆದಳು. ನಾನು ಒಳಗೆ, ಬಾಯಿಗೆ ಕೈ ಒತ್ತಿಕೊಂಡು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ಎಲ್ಲಾರೂ ಒಗ್ಗಿಸ್ಕೊಳ್ಳೋಕೆ ಕಲೀತಾರೆ, ಬಿಡಿಸ್ಕೊಳ್ಳೋಕೆ ಯಾರೂ ಕಲಿಯಲ್ಲ" ಎಂದಳು. ಹೌದು ಮಾರಾಯ್ತಿ, ಈಗ ಏನು ಮಾಡಲಿ? "ನೋವಾಗಬೇಕು ರೀ. ಅದಕ್ಕೂ. ನಿಮಗೂ."

ಮಾರ್ಚ್ 27, ಗುರುವಾರ

ವಾರದ ಕೊನೆಯ ದಿನ. ಮೊದಲ ಸೈರನ್ ಆದ ಕೂಡಲೇ ಇಳಿದು ಹೋದೆ. ಜೇಬಿನಲ್ಲಿ ಕೀಲಿ, ಇನ್ನೊಂದರಲ್ಲಿ ಜಲ್ಲಿಕಲ್ಲು.

ಬಂದಳು. ಕಿಟಕಿ ಅಡ್ಡ ಇಲ್ಲದೆ ಐದು ಹೆಜ್ಜೆ. ನಾನು ಬಯಲಿನಲ್ಲಿ ನಿಂತಿರುವುದು ವಿಚಿತ್ರ ಅನ್ನಿಸಿರಬೇಕು, ತಲೆ ಓರೆ ಮಾಡಿದಳು. ಕೈ ಎತ್ತಿದೆ. ಅವಳೂ ತಲೆ ಎತ್ತಿದಳು.

ಮೊದಲ ಕಲ್ಲು ಮುಂದೆ ಬಿತ್ತು. ಹೋಗಿ ಮೂಸಿದಳು. ಬಾಯಲ್ಲಿ ಎತ್ತಿಕೊಂಡಳು. ಹಲ್ಲಿಗೆ ತಾಗಿ ಕಟಕ್ ಎಂದಿತು. ಉಗುಳಿ ನನ್ನ ಕೈ ನೋಡಿದಳು — ಇದಲ್ಲ, ಇನ್ನೊಂದು ಕೊಡು ಎನ್ನುವ ಹಾಗೆ. ನಾನು ಕೈ ಎತ್ತಿದಾಗಲೆಲ್ಲ ಊಟವೇ ಬಂದಿತ್ತಲ್ಲ. ಎರಡನೆಯದು ಭುಜಕ್ಕೆ ಬಡಿಯಿತು. ಒಂದು ಹೆಜ್ಜೆ ಹಿಂದೆ ಹೋಗಿ, ಮತ್ತೆ ಮುಂದೆ ಬಂದಳು. ಅಳು ಬಂತು. ಹೋಗೇ, ಹೋಗೇ ಎಂದು ಕಿರುಚಿದೆ. ಮೂರನೆಯದನ್ನು ಬೇಕೆಂದೇ ಗುರಿಯಿಟ್ಟು ಹೊಡೆದೆ. ಮುಖಕ್ಕೆ.

ಆ ದನಿಯನ್ನು ಬರೆಯಲಾರೆ.

ಓಡಿದಳು. ಗುಡ್ಡೆ ಹತ್ತುವಾಗ ಒಮ್ಮೆ ಮುಗ್ಗರಿಸಿದಳು. ತಿರುಗಿ ನೋಡಲಿಲ್ಲ. ಗೂಡಿಗೆ ಮರಳಿದೆ. 1.00ಕ್ಕೆ ಒತ್ತಿದೆ. ಪುಸ್ತಕದಲ್ಲಿ 1.00 ಎಂದು ಬರೆದೆ.

ಮ್ಯಾನೇಜರ್ ಫೋನ್ ಮಾಡಿ ಶಭಾಷ್ ಎಂದರು.

ಮಾರ್ಚ್ 29, ಶನಿವಾರ. ಮಧ್ಯಾಹ್ನ 12.50, ಗೂಡಿನಲ್ಲಿ

ನಿನ್ನೆ ಬರಲಿಲ್ಲ. ಇವತ್ತೂ ಇಲ್ಲ. ಒಳ್ಳೆಯದೇ. ಬರಬಾರದು. ದುರ್ಬೀನು ಇಳಿಸಲು ಮಾತ್ರ ಮನಸ್ಸಿಲ್ಲ. ಅದಕ್ಕೇ ಈ ಡೈರಿ ಇಲ್ಲಿಗೇ ತಂದೆ, ಕೈಗೊಂದು ಕೆಲಸ ಇರಲಿ ಎಂದು.

12.55. ಅಕ್ಕ — "ಎಲ್ಲಾ ಬಂದಿವೆ." ಸರಿ ಎಂದೆ.

12.57. ಗುಡ್ಡೆಯ ಮೇಲೆ ಏನೋ ಅಲುಗಿತು. ಮರಿ. ಒಂದೇ. ಹಿಂದೆ ಅಮ್ಮ ಇರಬೇಕು. ಇಲ್ಲ. ಇನ್ನೆರಡು ಮರಿ? ಇಲ್ಲ. ಹೊಟ್ಟೆ ಬೆನ್ನಿಗೆ ಅಂಟಿದೆ. ಇಳಿಯುತ್ತಿದೆ, ಉರುಳುತ್ತ ಏಳುತ್ತ. ಅವಳು ಬರುತ್ತಿದ್ದ ದಾರಿಯಲ್ಲೇ, ಮೂಸಿಕೊಂಡು.

ಕಣ್ಣಿಗೆ ಬಿತ್ತೇ ಆ ಕಲ್ಲು? ದೇವರೇ, ಕಣ್ಣಿಗೇ ಬಿತ್ತೇ?

12.59. ಬಂಡೆಯ ಬುಡದಲ್ಲಿ ಕೂತುಬಿಟ್ಟಿತು. ಮದ್ದು ತುಂಬಿದ ಕುಳಿಗಳ ನೇರ ಕೆಳಗೆ. ಫೋನ್ ಬಡಿದುಕೊಳ್ಳುತ್ತಿದೆ, ಮೂರನೆಯ ಸೈರನ್ ಊದಲೇ ಎಂದು ಕೇಳಲು ಅಕ್ಕ.

ಊದಬೇಡ ಎಂದೆ. ಯಾಕೆ ಎಂದಳು. ಒಳಗೆ ಒಬ್ಬರಿದ್ದಾರೆ ಎಂದೆ. ಬಿಲ್ಲೆ ಎಲ್ಲ ಇವೆಯಲ್ಲ ಯಜಮಾನ್ರೇ, ಮ್ಯಾನೇಜರ್ ಇಲ್ಲೇ ನಿಂತಿದ್ದಾರೆ ಎಂದಳು. ನಿಂತಿರಲಿ. ಲೈಸೆನ್ಸ್ ಹೋದರೆ ಹೋಗಲಿ. ಕೀಲಿ ನನ್ನ ಜೇಬಿನಲ್ಲಿದೆ. ಇಳಿದು ಹೋಗಿ ಎತ್ತಿಕೊಂಡು ಬರುತ್ತೇನೆ.