ಸ್ತೋತ್ರದ ಡಬ್ಬಿ

ಶಿಡ್ಲಘಟ್ಟ
ಭಾನುವಾರ, 16 ಫೆಬ್ರವರಿ 2025

ಕರ್ತನಲ್ಲಿ ಪ್ರಿಯ ಸಹೋದರಿಯೂ, ನನ್ನ ಬಲಗಿವಿಯನ್ನು ಹಿಂಡುವ ಹಕ್ಕನ್ನು ನಾನು ಹುಟ್ಟಿದ ದಿನದಿಂದಲೇ ಪಡೆದವಳೂ ಆದ ತನುಜಕ್ಕನಿಗೆ,

ಶಿಡ್ಲಘಟ್ಟದ ಏಕಮಾತ್ರ ಸಂತನಾದ ನಿನ್ನ ತಮ್ಮ ಚೈತನ್ಯನು ಅತ್ಯಂತ ಗಂಭೀರವಾಗಿ ಸಲ್ಲಿಸುವ ವಂದನೆಗಳು. ಗೌರಿಬಿದನೂರಿಗೆ ಹೋದಮೇಲೆ ನೀನು ಅಮ್ಮನ ಫೋನೂ ಎತ್ತುವುದಿಲ್ಲ, ನನ್ನದೂ ಎತ್ತುವುದಿಲ್ಲ. ಎತ್ತಿದರೂ ನನ್ನ ದನಿ ಕೇಳಿದ ಕೂಡಲೇ ಏನೋ ತಮಾಷೆ ಅಂದುಕೊಳ್ಳುತ್ತೀಯ. ಅದಕ್ಕೇ ಈ ಕಾಗದ. ಅಂಚೆ ಕಚೇರಿಯಲ್ಲಿ ಕವರ್ ಕೇಳಿದಾಗ ಅಲ್ಲಿದ್ದವರು, ಕೆಲಸಕ್ಕೆ ಅರ್ಜಿ ಹಾಕ್ತೀಯೇನಪ್ಪ ಅಂದರು. ಹೌದು ಸಾರ್, ಅಕ್ಕನಿಗೆ ತಮ್ಮನಾಗಿರೋ ಕೆಲಸ ಹೋಗಿದೆ, ವಾಪಸ್ ಕೇಳ್ತಿದ್ದೀನಿ ಅಂದೆ. ಆ ಕವರ್ ತಂದು ಮೂರು ತಿಂಗಳಾಯಿತು.

ನಮ್ಮ ಪ್ರಾರ್ಥನಾ ಮಂದಿರದಲ್ಲಿ ಎಲ್ಲ ಹಾಗೇ ಇದೆ. ಎದ್ದು ನಿಂತು ದೇವರ ಉಪಕಾರದ ಸಾಕ್ಷಿ ಹೇಳಲು ನಾಚುವವರು ಸ್ತೋತ್ರವನ್ನು ಬರೆದು ಹಾಕಲೆಂದು ಪಾಸ್ಟರ್ ರಮೇಶ್‌ಬಾಬು ಇಟ್ಟ ಬಿಸ್ಕತ್ತಿನ ಡಬ್ಬಿಯೂ ಅಲ್ಲೇ ಇದೆ. ಅದರಲ್ಲಿ ನಾನು ಕದ್ದು ಹಾಕುತ್ತಿದ್ದ ಚೀಟಿಗಳು ನೆನಪಿವೆಯೇ? ‘ಆವಲಪ್ಪನವರ ಗೊರಕೆ ಪಾಸ್ಟರ್ ಪ್ರಸಂಗಕ್ಕಿಂತ ಮೊದಲೇ ಮುಗಿದದ್ದಕ್ಕಾಗಿ ಸ್ತೋತ್ರ.’ ‘ಚಿಕ್ಕಬಳ್ಳಾಪುರದ ಬಸ್ಸೂ ತಪ್ಪಿ, ಅದರಿಂದ ಪರೀಕ್ಷೆಯೂ ತಪ್ಪಿದ್ದಕ್ಕಾಗಿ ಸ್ತೋತ್ರ.’ ಪಾಸ್ಟರ್ ಹುಬ್ಬು ಗಂಟಿಕ್ಕಿಕೊಂಡೇ ಪೂರ್ತಿ ಓದುತ್ತಿದ್ದರು. ಎಲ್ಲ ಸ್ಥಿತಿಯಲ್ಲೂ ಸ್ತೋತ್ರ ಮಾಡಿ ಎಂದು ವಾರವಾರ ಬೋಧಿಸುವವರು ಯಾವುದನ್ನು ತಾನೇ ಬಿಟ್ಟಾರು? ನೀನು ಹೆಂಗಸರ ಚಾಪೆಯಲ್ಲಿ ಹಾಡಿನ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಭುಜ ಕುಣಿಸುತ್ತಿದ್ದೆ. ನಾನು ಬರೆಯುತ್ತಿದ್ದದ್ದೇ ಆ ಭುಜಗಳಿಗಾಗಿ. ಈಗಲೂ ಚೀಟಿ ಓದುವಾಗ ಕಣ್ಣು ಆ ಕಡೆಗೇ ಹೋಗುತ್ತದೆ. ಅಲ್ಲಿ ಅಮ್ಮ ಇರುತ್ತಾಳೆ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು.

ಇಷ್ಟು ಹೊತ್ತು ಸುತ್ತಿ ಬಳಸಿದ್ದು ಯಾಕೆಂದು ಹೇಳಿಬಿಡುತ್ತೇನೆ. ಹೋದ ಜೂನ್‌ನ ಆ ಚೀಟಿ ಅಮ್ಮ ಬರೆದದ್ದಲ್ಲ ಅಕ್ಕ. ಬರೆದವನು ನಾನು.

ನಿನ್ನ ಪಾಪು ಹುಟ್ಟಿ ಎರಡೇ ದಿನ ಇದ್ದು ಹೋಗಿ ಆಗ ಒಂದು ತಿಂಗಳಾಗಿತ್ತು. ಬಾಣಂತನಕ್ಕೆ ಬಂದಿದ್ದ ನೀನು ಮಂದಿರಕ್ಕೂ ಬಂದು, ತುಟಿ ಬಿಚ್ಚದೆ ಕೂರುತ್ತಿದ್ದೆ. ಚಪ್ಪಲಿ ಬಿಡುವಲ್ಲಿ ಶ್ಯಾಮಲಮ್ಮ ಯಾರ ಹತ್ತಿರವೋ, ‘ತನುಜ ಬಾಯಿ ತೆಗೆದು ಒಂದು ಸ್ತೋತ್ರ ಹೇಳ್ತಿಲ್ಲವಲ್ಲಮ್ಮ, ವಿಶ್ವಾಸ ಜಾರಿತೋ ಏನೋ’ ಅನ್ನುವುದು ನನ್ನ ಕಿವಿಗೆ ಬಿತ್ತು. ಆ ಬಾಯಿಗಳನ್ನು ಮುಚ್ಚಿಸಬೇಕು ಅನಿಸಿತು. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಎಡಗೈಯಲ್ಲಿ ಬರೆದು ಹಾಕಿದೆ: ‘ನನ್ನ ಈ ಸ್ಥಿತಿಗಾಗಿಯೂ ದೇವರಿಗೆ ಸ್ತೋತ್ರ. ತನುಜ.’

ಪಾಸ್ಟರ್ ಓದಿದರು. ಇಡೀ ಮಂದಿರ ಹಲ್ಲೆಲೂಯ ಅಂದಿತು. ಆವಲಪ್ಪತಾತ ಅತ್ತೇಬಿಟ್ಟರು. ನೀನು ಎದ್ದು ಹೊರಗೆ ನಡೆದೆ. ಮನೆಯವರ ಹೆಸರು ಹಾಕಿ ಚೀಟಿ ಬರೆಯುವವಳು ಯಾವಾಗಲೂ ಅಮ್ಮ, ಅದಕ್ಕೇ ನೀನು ಅವಳನ್ನೇ ಕೇಳಿದೆ: ‘ನನ್ನ ಮಗು ಹೋಗಿದ್ದಕ್ಕೆ ಸ್ತೋತ್ರ ಬರೆದ್ಯೇನಮ್ಮ?’ ಅಮ್ಮ ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಹುಡುಕುತ್ತಿದ್ದೆ. ಅವು ನನ್ನ ಕಾಲಲ್ಲೇ ಇದ್ದವು. ಅಮ್ಮ ನನ್ನ ಹೆಸರೆತ್ತದೆ ತಲೆ ತಗ್ಗಿಸಿದಳು. ಆ ಸಂಜೆಯೇ ನೀನು ಭಾವನನ್ನು ಕರೆಸಿಕೊಂಡು ಹೊರಟೆ.

ಇವತ್ತಿನವರೆಗೂ ಅವಳು ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೇಷ್ಮೆಗೂಡು ಬಿಚ್ಚುವ ಕೆಲಸ ಮುಗಿಸಿ ಬಂದು, ಬಿಸಿನೀರಿಗೆ ಬಿಳಿಚಿಕೊಂಡ ಬೆರಳುಗಳಲ್ಲೇ ಮುದ್ದೆ ಕಟ್ಟುತ್ತಾಳೆ. ಊಟಕ್ಕೆ ಮೊದಲು ಒಬ್ಬೊಬ್ಬರು ಒಂದೊಂದು ಸ್ತೋತ್ರ ಹೇಳುವ ಪದ್ಧತಿಯನ್ನು ಬಿಟ್ಟಿಲ್ಲ. ಅವಳು, ‘ತನುಜ ಚೆನ್ನಾಗಿದ್ದಾಳೆ, ಸ್ತೋತ್ರ’ ಅನ್ನುತ್ತಾಳೆ. ನೀನು ಚೆನ್ನಾಗಿದ್ದೀಯೆಂದು ಅವಳಿಗೆ ಯಾರೂ ಹೇಳಿಲ್ಲ. ನನ್ನ ಸರದಿ ಬಂದಾಗ ನಾನು, ‘ಸಾರಿಗೆ ಉಪ್ಪು ಬಿದ್ದಿದೆ, ಸ್ತೋತ್ರ’ ಅನ್ನುತ್ತೇನೆ. ಇಬ್ಬರೂ ನಗುವುದಿಲ್ಲ.

ಬರುವ ಭಾನುವಾರ ಎಲ್ಲರ ಮುಂದೆ ಎದ್ದು ನಿಂತು ಒಪ್ಪಿಕೊಳ್ಳುತ್ತೇನೆ. ಪಾಸ್ಟರಿಗೆ ಇವತ್ತೇ ಹೇಳಿದೆ. ‘ನಗಿಸಲ್ಲ ತಾನೇ?’ ಎಂದು ಕೇಳಿದರು. ಇಲ್ಲ ಅಂದೆ. ಒಂದು ಲೋಟ ನೀರು ಕೊಟ್ಟರು. ಆದರೆ ಅವರೆಲ್ಲರಿಗಿಂತ ಮೊದಲು ನಿನಗೆ ಗೊತ್ತಾಗಬೇಕಿತ್ತು. ಬಾ ಎಂದು ಕರೆಯುವ ಮುಖ ನನಗಿಲ್ಲ. ನನ್ನ ಮೇಲಿನ ಕೋಪ ಎಷ್ಟು ದಿನ ಬೇಕಾದರೂ ಇರಲಿ, ಅದು ನನಗೆ ಬರಬೇಕಾದದ್ದೇ. ಅಮ್ಮನ ಫೋನ್ ಮಾತ್ರ ಎತ್ತು. ಸ್ತೋತ್ರ ಹೇಳಬೇಕಿಲ್ಲ, ಸಮಾಧಾನವೂ ಹೇಳಬೇಕಿಲ್ಲ. ‘ಹಲೋ’ ಅಂದರೆ ಸಾಕು.

ಕೆಲಸ ಕಳೆದುಕೊಂಡ ನಿನ್ನ ತಮ್ಮ,
ಚೈತು

ತಾ.ಕ.: ಎಂಟು ತಿಂಗಳಿಂದ ಪ್ರತಿ ಭಾನುವಾರ ಡಬ್ಬಿಯಲ್ಲಿ ಒಂದು ಖಾಲಿ ಚೀಟಿ ಇರುತ್ತಿತ್ತು. ಪಾಸ್ಟರ್ ಅದು ನನ್ನದೇ ಕಿತಾಪತಿ ಎಂದುಕೊಂಡು, ಸಾಕು ನಿಲ್ಲಿಸಪ್ಪ ಅನ್ನುತ್ತಿದ್ದರು. ನಾನಲ್ಲ ಎಂದರೆ ಯಾರು ನಂಬುತ್ತಾರೆ? ಇವತ್ತು ಕಾದಿದ್ದು ನೋಡಿದೆ. ಹಾಕಿದವಳು ಅಮ್ಮ. ಮನೆಗೆ ಬರುವ ದಾರಿಯಲ್ಲಿ ಕೇಳಿದೆ. ‘ಅದು ತನುಜಂದು ಕಣೋ. ಏನು ಬರೀಬೇಕೋ ಅವಳೇ ಬರೀಲಿ. ಬರೀದಿದ್ರೂ ಪೋನೀಲೇ, ಹೋಗ್ಲಿ, ಅವಳ ಜಾಗ ಇರಬೇಕಲ್ಲ,’ ಅಂದಳು. ಅಲ್ಲಿಂದಲೇ ತಿರುಗಿ ಓಡಿಹೋಗಿ, ಪಾಸ್ಟರ್ ಹತ್ತಿರ ಇವತ್ತಿನ ಖಾಲಿ ಚೀಟಿಯನ್ನು ಇಸಕೊಂಡು ಬಂದೆ. ಈ ಕಾಗದದ ಮಡಿಕೆಯಲ್ಲಿದೆ, ಜೋಪಾನವಾಗಿ ತೆಗೆ.