ನೀರಿನೊಳಗೆ ಕಲ್ಲಿನ ತೂಕ

೧೯-೭-೧೯೩೮, ಮಂಗಳವಾರ. ಶಿಗ್ಗಾಂವ

ಗಿರಣಿಯ ಬೆಲ್ಟ್ ಮತ್ತೆ ಜಾರಿತು. ರಾಳ ಹಚ್ಚಿದೆ. ಹನ್ನೊಂದಕ್ಕೆ ಎಂಜಿನ್ ಶುರು. ಅಷ್ಟರಲ್ಲಿ ಗುಡ್ಡಪ್ಪ ಬಂದ — ತಡಸದಾಚೆಯ ಕೆರೆಯ ನೀರಗಂಟಿ, ತೂಬು ತೆಗೆದು ಮುಚ್ಚುವವನು. ಮೊಣಕಾಲ ತನಕ ಕೆಸರು. ಎಂಜಿನ್ ಸದ್ದಿನಲ್ಲಿ ಕೂಗಿಯೇ ಹೇಳಿದ.

"ಮಿಸ್ತ್ರಿ, ತೂಬಿನ ಹಲಗಿ ಏಳವಲ್ದು. ಸರಪಳಿ ಹರದು ಬಿದ್ದೈತಿ. ಕೆರಿ ತುಂಬಿ ಕಟ್ಟಿ ಜಿನುಗಾಕತ್ತೈತಿ. ನೀವು ಇಳೀಬೇಕ್ರಿ."

ಹಲಗೆ ಎದ್ದರೆ ನೀರು ಕಾಲುವೆಗೆ ಹೋಗಿ ಕೆರೆ ಇಳಿಯುತ್ತದೆ. ಇಲ್ಲದಿದ್ದರೆ ಕಟ್ಟೆ ಒಡೆಯುತ್ತದೆ. ಕಟ್ಟೆಯ ಕೆಳಗೆ ಇಪ್ಪತ್ತು ಮನೆ. ಹೊಸ ಸರಪಳಿ ಹಾಕಬೇಕಾದ ಹಲಗೆಯ ಬಳೆ ಹದಿನೆಂಟು ಅಡಿ ಆಳದಲ್ಲಿ, ಹೂಳಿನೊಳಗೆ. ಗುಡ್ಡಪ್ಪ ನಾಲ್ಕು ಸಲ ಮುಳುಗಿ ನೋಡಿದ್ದಾನೆ. ಹೂಳು ತೋಡುವಷ್ಟು ಹೊತ್ತು ಉಸಿರು ಸಾಲಲಿಲ್ಲ.

ಗಿರಣಿಯ ಮಾಲೀಕ ಪರಮೇಶಪ್ಪನವರು ಅಲ್ಲೇ ಇದ್ದರು. "ನಮ್ಮ ಮಹಾಲಿಂಗಪ್ಪ ಮುಂಬೈ ಬಂದರದಾಗ ಮುಳುಗಿದಾವ. ಇದು ಅವಗ ಯಾವ ದೊಡ್ಡ ಮಾತು!"

ಹ್ಞೂಂ ಅಂದೆ.

ಇಲ್ಲಿ ಮಾತ್ರ ಬರೆಯಬಲ್ಲೆ — ಒಮ್ಮೆಯೂ ಮುಳುಗಿದವನಲ್ಲ. ಆರು ವರ್ಷ ದೋಣಿಯ ಮೇಲೆ ನಿಂತು, ಕೆಳಗೆ ಮುಳುಗಿದವರಿಗೆ ಗಾಳಿಪಂಪಿನ ಚಕ್ರ ತಿರುಗಿಸಿದೆ, ಅಷ್ಟೆ. ಊರಿಗೆ ಬಂದ ಹೊಸತರಲ್ಲಿ ಚಹಾದ ಅಂಗಡಿಯಲ್ಲಿ ಯಾರೋ "ನೀವೂ ಇಳೀತಿದ್ರೇನು?" ಅಂದರು. ಹೌದು ಅಂದುಬಿಟ್ಟೆ. ಏಳು ವರ್ಷವಾಯಿತು. ವೀರವ್ವನನ್ನು ಅವರಪ್ಪ ನನಗೆ ಕೊಟ್ಟದ್ದೂ ಆ ಹೌದು ಕೇಳಿಯೇ.

೨೦-೭, ಬುಧವಾರ

ಬಚ್ಚಲ ಹಂಡೆಯ ಕಂಠ ಕತ್ತರಿಸಿ, ತಲೆಗೆ ಬೋರಲು ಹಾಕಿದರೆ ಭುಜಕ್ಕೆ ಕೂಡುವಂತೆ ಮಾಡಿದೆ. ಮುಂದೆ ಗಾಜು, ಸುತ್ತ ಟಾರು. ನೆತ್ತಿಗೆ ರಬ್ಬರ್ ಪೈಪು. ಗಾಳಿಗೆ ಲಾರಿ ಟೈರಿನ ಎರಡು ಕಾಲ್ಪಂಪು. ಬಾಯಿ ಕೆಳಗೆ ತೆರೆದೇ ಇರುತ್ತದೆ; ಒಳಗಿನ ಗಾಳಿ ನೀರನ್ನು ಏರಗೊಡುವುದಿಲ್ಲ. ಆದರೆ ನೆಟ್ಟಗಿರಬೇಕು. ಬಗ್ಗಿದರೆ ಗಾಳಿ ಹೊರಗೆ, ನೀರು ಒಳಗೆ.

ಇಷ್ಟು ಗೊತ್ತು. ಗೊತ್ತಿಲ್ಲದ್ದು ತೂಕ. ಯಾರಿಗೆ ಎಷ್ಟು ಸೀಸ ಕಟ್ಟಬೇಕೆಂದು ಬಂದರದಲ್ಲಿ ದೊಡ್ಡ ಸಾಹೇಬ ಹೇಳುತ್ತಿದ್ದ. ನಾನು ಯಾಕೆಂದು ಕೇಳಲಿಲ್ಲ. ಕಡಿಮೆಯಾದರೆ ತೇಲುತ್ತೇನೆ. ಹೆಚ್ಚಾದರೆ ಏಳಲಾರೆ.

ಹಂಡೆಗೆ ಒಂದು ಚಿಮಣಿ ಎಣ್ಣೆ ಡಬ್ಬಿ ನೀರು ಹಿಡಿಯಿತು. ನಾಲ್ಕು ಗ್ಯಾಲನ್ — ನಲವತ್ತು ಪೌಂಡು. ಗಾಳಿ ತುಂಬಿದಾಗ ಅಷ್ಟೇ ಜೋರಿನಿಂದ ಮೇಲಕ್ಕೆತ್ತುತ್ತದೆ. ತಲೆ ಹಿಡಿಯುವ ಜಾಗಕ್ಕೆ ಹತ್ತು ಕಳೆ. ಹಂಡೆಯ ಸ್ವಂತ ತೂಕ ಹದಿನಾರು ಕಳೆ. ಉಳಿದದ್ದು ಹದಿನಾಲ್ಕು. ತಳದಲ್ಲಿ ಕಾಲೂರಲು ಎಂಟು ಕೂಡಿಸು. ಇಪ್ಪತ್ತೆರಡು.

ಕಲ್ಲು ತೂಗಿ ಎರಡು ಚೀಲ ಹೊಲಿದೆ. ಹಂಡೆಯ ಅಂಚಿಗೆ ಹಿಂದೊಂದು ಮುಂದೊಂದು. ನಾಳೆ ಬಾವಿಯಲ್ಲಿ ನೋಡಬೇಕು.

೨೧-೭, ಮಧ್ಯಾಹ್ನ

ಅಕ್ಷರ ಕೂಡುತ್ತಿಲ್ಲ.

ಗಿರಣಿಯ ಹಿಂದಿನ ಮೆಟ್ಟಿಲು ಬಾವಿ. ಪಂಪಿಗೆ ಹಮಾಲ ಮಾಳಪ್ಪ. ಹಗ್ಗ ಹಿಡಿಯಲು ವೀರವ್ವ. ನೀರು ಎದೆಗೆ ಬಂದದ್ದೇ ದೊಡ್ಡ ಉಸಿರು ಎಳೆದೆ. ಬಿಡಲಾಗಲಿಲ್ಲ. ಮುಂದಿನ ಮೆಟ್ಟಿಲು ಕಾಲಿಗೆ ಸಿಗಲೇ ಇಲ್ಲ. ಬುಗರಿಯಂತೆ ತೂಗಾಡಿದೆ. ಹಂಡೆ ವಾಲಿತು, ಗಾಳಿ ಗುಳುಗುಳು ಅಂತ ಹೋಯಿತು, ನೀರು ಮೂಗಿಗೆ... ವೀರವ್ವ ಜಗ್ಗಿದಳು.

ಮೆಟ್ಟಿಲ ಮೇಲೆ ಬಿದ್ದುಕೊಂಡು ಕೆಮ್ಮುತ್ತಿದ್ದೆ. ಅವಳು ಮಾಳಪ್ಪನನ್ನು ಊಟಕ್ಕೆ ಕಳಿಸಿದಳು. ಆಮೇಲೆ ಕೇಳಿದಳು.

"ನೀವು ಯಾವತ್ತೂ ಇಳದಿಲ್ಲ. ಹೌದಿಲ್ಲೋ?"

"ಇಲ್ಲ."

ಸೆರಗು ಹಿಂಡಿಕೊಂಡಳು. ಹೊಡೆದಿದ್ದರೂ ತಡೆದುಕೊಳ್ಳಬಹುದಿತ್ತು.

"ಆರು ವರ್ಷ ಆತು ನನ್ನ ಕೂಡ. ನನಗರ ಹೇಳಬಾರದಾಗಿತ್ತ?"

ಸಂಜೆ

ವೀರವ್ವ ತಾನಾಗಿಯೇ ಗಿರಣಿಗೆ ಬಂದಳು. ಕಲ್ಲಿನ ಚೀಲ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ನೀರು ತುಂಬಿದ ಪೀಪಾಯಿಯೊಳಗೆ ಇಳಿಬಿಟ್ಟಳು.

"ಬಾವ್ಯಾಗ ಕೊಡ ತುಂಬಿದ್ರೂ ಹಗೂರ ಇರ್ತೈತಿ. ನೀರು ಬಿಟ್ಟು ಮ್ಯಾಲ ಬಂದ ಮ್ಯಾಲ ಭಾರ. ನಿಮ್ಮ ಕಲ್ಲೂ ಹಂಗ ಇರಬೇಕು, ನೋಡ್ರಿ."

ಮುಳ್ಳು ಹದಿನಾಲ್ಕಕ್ಕೆ ನಿಂತಿತು. ಇಪ್ಪತ್ತೆರಡು ಪೌಂಡಿನ ಕಲ್ಲು ನೀರಿನಲ್ಲಿ ಹದಿನಾಲ್ಕು! ತೇಲದೆ ಇನ್ನೇನು ಮಾಡುತ್ತೇನೆ. ಕಬ್ಬಿಣ ನೋಡಿದೆವು. ಗಿರಣಿಯ ತಕ್ಕಡಿಗೆ ಇಡುವ ಐದು ಪೌಂಡಿನ ಬಟ್ಟು ಐದು — ಮೇಲೆ ಇಪ್ಪತ್ತೈದು, ನೀರಿನಲ್ಲಿ ಇಪ್ಪತ್ತೆರಡಕ್ಕೆ ತುಸು ಕಡಿಮೆ. ಹಂಡೆಯೂ ನೀರಿನಲ್ಲಿ ಒಂದೆರಡು ಪೌಂಡು ಹಗುರ; ಅದು ಕಾಲೂರುವ ಎಂಟರಲ್ಲಿ ಹೋಗಲಿ.

"ಇನ್ನೊಂದು," ಅಂದಳು. "ಎದಿ ಉಬ್ಬಿಸಿ ಉಸಿರು ಹಿಡದಿದ್ರಿ. ಅಂಜಿಕಿಗೆ ನೀವ ಒಂದು ಖಾಲಿ ಕೊಡ ಆಗಿದ್ರಿ."

೨೨-೭, ಶುಕ್ರವಾರ

ಐದು ಬಟ್ಟು. ಮೊದಲ ಸಲ ಮತ್ತೆ ಅದೇ — ಎದೆ ಉಬ್ಬಿತು, ಕಾಲು ಎದ್ದಿತು. ಆರನೆಯದನ್ನು ಸೇರಿಸಿದ ಮೇಲೆಯೇ ಇಳಿದದ್ದು. ಮಧ್ಯಾಹ್ನದ ಹೊತ್ತಿಗೆ ಉಸಿರು ಸಡಿಲಾಯಿತು. ಆಗ ಆರು ಹೆಚ್ಚು. ಐದೇ ಸಾಕು. ಒಂದೇ ಬಾವಿ, ಒಂದೇ ಮೈ, ಒಂದೇ ದಿನ. ಅಂಜಿಕೆಗೆ ಐದು ಪೌಂಡು ಬೇಕು ಅಂದಹಾಗಾಯಿತು.

ಕೆರೆಯಲ್ಲಿ ಎಷ್ಟು ಅಂಜುತ್ತೇನೋ.

೨೩-೭, ಶನಿವಾರ. ತಡಸ

ಸಾಮಾನೆಲ್ಲ ಚಕ್ಕಡಿಯಲ್ಲಿ ತಂದೆವು. ಕಟ್ಟೆಯ ಹೊರಮೈಯಿಂದ ಬರುವ ನೀರು ನಿನ್ನೆ ತನಕ ತಿಳಿಯಾಗಿತ್ತಂತೆ. ಇಂದು ಮಣ್ಣು ಕಲೆತು ಕೆಂಪಗಿದೆ. ಗುಡ್ಡಪ್ಪ ಬೊಗಸೆಯಲ್ಲಿ ಹಿಡಿದು ತೋರಿಸಿದ. ಕಟ್ಟೆ ಒಳಗಿನಿಂದ ಕರಗುತ್ತಿದೆ.

ಕೆಳಗಿನ ಮನೆಗಳು ಖಾಲಿಯಾಗುತ್ತಿವೆ. ಹೊಳೆವ್ವ ಎಂಬಾಕೆ ಒಬ್ಬಳೇ ಹೊಸ್ತಿಲಲ್ಲಿ ಕೂತಿದ್ದಳು. ಮಗಳಿಗೆ ಬೆಳಿಗ್ಗೆಯಿಂದ ಹೆರಿಗೆ ಬೇನೆ.

"ಎಲ್ಲಿಗಿ ಎಬ್ಬಿಸಿಕೊಂಡು ಹೋಗ್ಲಿ ಯಪ್ಪಾ? ನೀವು ಇಳೀತೀರಂತಲ್ಲ. ನಾ ಇಲ್ಲೇ ಇರ್ತೇನಿ."

ಹಿಂದಿರುಗುವಾಗ ವೀರವ್ವನಿಗೆ ಹೇಳಿದೆ — ಐದು ಬಟ್ಟು ಹಂಡೆಗೆ. ಆರನೆಯದು ಬೇರೆ ಚೀಲದಲ್ಲಿ, ಮುಂದೆ, ಜಗ್ಗಿದರೆ ಬಿಚ್ಚುವ ಗಂಟು. ಅಂಜಿಕೆ ಹೋದರೆ ಅದನ್ನೂ ಬಿಟ್ಟುಬಿಡುವುದು.

೨೪-೭, ಬೆಳಿಗ್ಗೆ ಆರು

ಮಳೆ ಇಲ್ಲ. ಗಾಳಿ ಇದೆ. ಮಾಳಪ್ಪ, ಗುಡ್ಡಪ್ಪ ಪಂಪಿಗೆ. ಹಗ್ಗ ಗಂಡಸರು ಹಿಡಿಯಲಿ ಎಂದು ಯಾರೋ ಅಂದರು. ವೀರವ್ವ ಬಿಡಲಿಲ್ಲ. "ಅವರ ಜಗ್ಗೋದು ನನಗ ತಿಳೀತೈತಿ."

ಹೋಗುತ್ತೇನೆ —

೨೮-೭, ಗುರುವಾರ. ಶಿಗ್ಗಾಂವ

ಇಂದೇ ಕೂರಲು ಆದದ್ದು.

ನೀರು ಚಹಾದ ಬಣ್ಣ. ಎರಡಾಳು ಇಳಿಯುವಷ್ಟರಲ್ಲಿ ಗಾಜಿನಾಚೆ ಕತ್ತಲೆ. ಎಡಗಿವಿಯಲ್ಲಿ ಮೊಳೆ ಹೊಡೆದಂತೆ ನೋವು, ಟಪ್ ಅಂತ ಒಂದು ಸದ್ದು, ಕೆನ್ನೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ಮೇಲಿನಿಂದ ಪಂಪಿನ ಉಸಿರು ಮಾತ್ರ — ಹುಸ್, ಹುಸ್. ಅದನ್ನು ಕೇಳುತ್ತ ನನ್ನ ಉಸಿರೂ ಅದರ ಲಯಕ್ಕೆ ಬಿತ್ತು.

ಕುಕ್ಕರಗಾಲಲ್ಲಿ ಕೂತು ಹೂಳು ತೋಡಿದೆ. ತುಸು ಬಗ್ಗಿದರೂ ನೀರು ಗದ್ದಕ್ಕೆ ಬರುತ್ತಿತ್ತು. ಬಳೆ ಬೆರಳಿಗೆ ಸಿಕ್ಕಿತು. ಮೇಲಿನಿಂದ ಇಳಿಬಿಟ್ಟಿದ್ದ ಸರಪಳಿ ಎಳೆದುಕೊಳ್ಳಲು ಏಳಹೋದೆ — ಕಾಲು ಬರಲಿಲ್ಲ. ಮೊಣಕಾಲ ತನಕ ಹೂತಿದ್ದೆ. ಜಗ್ಗಿದಷ್ಟೂ ಇಳಿದೆ. ಸತ್ತೆ ಅಂದುಕೊಂಡೆ. ಎದೆ ಒಡೆಯುವಂತೆ ಬಡಿಯಬೇಕಿತ್ತು, ಬಡಿಯುತ್ತಿರಲಿಲ್ಲ. ಉಸಿರು ನಿರಾಳವಾಗಿ ಹೋಗಿಬರುತ್ತಿತ್ತು. ಆಗ ಹೊಳೆಯಿತು. ಅಂಜಿಕೆ ಹೋಗಿದೆ, ಅದರ ತೂಕ ಇನ್ನೂ ನನ್ನ ಮೇಲಿದೆ.

ನೆನೆದ ಗಂಟು. ಎರಡು ಸಲ ಜಾರಿತು. ಮೂರನೆಯ ಸಲ ಹಲ್ಲು ಕಚ್ಚಿ ಎಳೆದೆ. ಚೀಲ ಬಿತ್ತು. ಒಂದು ಕಾಲು ಬಂತು, ಆಮೇಲೆ ಇನ್ನೊಂದು.

ಸರಪಳಿ ಬಳೆಗೆ ಹಾಕಿ ಹಗ್ಗ ಮೂರು ಸಲ ಜಗ್ಗಿದೆ. ವೀರವ್ವ ಮೇಲಕ್ಕೆ ಎಳೆದುಕೊಂಡಳು.

ಸರಪಳಿಗೆ ಆರು ಜೋಡಿ ಎತ್ತು ಕಟ್ಟಿದರು. ಮೊದಲು ಕಟ್ಟೆಯೇ ಅಲುಗಿದಂತಾಯಿತು. ಆಮೇಲೆ ಹಲಗೆ ಎದ್ದ ಸದ್ದು. ಕಾಲುವೆಯಲ್ಲಿ ನೀರು ಗೋಡೆಯಂತೆ ಬಂತು. ಅಂದು ಸಂಜೆಗೆ ಕೆರೆ ಒಂದು ಗೇಣು ಇಳಿದಿತ್ತು. ಹೊಳೆವ್ವನ ಮಗಳು ಹೆಣ್ಣು ಹಡೆದಳು.

ಗುಡ್ಡಪ್ಪ ಬೀಡಿ ಹಚ್ಚಿ ಪಕ್ಕದಲ್ಲಿ ಕೂತ. ಬಲಗಿವಿಯ ಕಡೆ. ನಾನೇ ಹೇಳಿದೆ — "ಗುಡ್ಡಪ್ಪ, ನಾ ಇಳದದ್ದು ಇದ ಮೊದಲು. ಮುಂಬೈದಾಗ ಪಂಪ್ ಹೊಡೀತಿದ್ದೆ."

"ಗೊತ್ತೈತ್ರಿ."

"ಗೊತ್ತೈತಿ?"

"ಏಳು ವರ್ಷದಾಗ ಒಮ್ಮೆರ ಈಸಾಕ ಬಂದೀರೇನು ಈ ಕಡೆ?"

"ಮತ್ತ ಯಾಕ ಕರದಿ?"

"ಇನ್ಯಾರ್ನ ಕರೀಲಿ?" ಅಂದ. ಅಷ್ಟೆ.

೯-೮, ಮಂಗಳವಾರ

ಎಡಗಿವಿ ಕೇಳುವುದಿಲ್ಲ. ಹುಬ್ಬಳ್ಳಿಯ ಡಾಕ್ಟರು ಪರದೆ ಹರಿದಿದೆ, ಇನ್ನು ನೀರಿಗಿಳಿಯಕೂಡದು ಅಂದರು. ಸರಿ ಅಂದು ಬಂದೆ. ಮನೆಯ ಕಟ್ಟೆಯ ಮೇಲೆ ಹಿರೇಕೆರೂರಿನ ಇಬ್ಬರು ಕಾಯುತ್ತಿದ್ದರು. ಅವರ ಕಡೆಯೂ ಒಂದು ಕೆರೆ, ತೂಬಿನ ಹಲಗೆ ಸಿಕ್ಕಿಬಿದ್ದಿದೆ. ಆಳ ಹದಿನೈದು ಅಡಿ. ಕಿವಿ ತೋರಿಸಿದೆ. ಆಗುವುದಿಲ್ಲ ಅಂದೆ.

ಅವರು ಏಳಲಿಲ್ಲ. ವೀರವ್ವ ಒಳಗಿನಿಂದ ಬಂದಳು. "ಎರಡು ದಿನ ಕೊಡ್ರಿ ನಮಗ. ಬರ್ತೇವಿ."

ಅವರು ಹೋದ ಮೇಲೆ ಜಗಳಾಡಿದೆ. ಕೂಗಾಡಿದೆ. ಅವಳು ಗಿರಣಿಯ ತನಕ ನಡೆದು ತಕ್ಕಡಿಯ ಹಲಗೆ ಹತ್ತಿ ನಿಂತಳು.

"ಹಗ್ಗ ನೀವು ಹಿಡೀರಿ. ಲೆಕ್ಕ ಹಾಕ್ರಿ."

ತೊಂಬತ್ತೆಂಟು ಪೌಂಡು. ಹೆಣ್ಣಿನ ಮೈ, ಸಣ್ಣ ತೂಕ, ಬಟ್ಟು ಕಡಿಮೆ ಸಾಕು ಅನಿಸಿತು ಮೊದಲು. ತಪ್ಪು. ಅವಳ ತಲೆ ನನ್ನದಕ್ಕಿಂತ ಸಣ್ಣದು. ಹಂಡೆಯಲ್ಲಿ ಗಾಳಿಗೆ ಜಾಗ ಹೆಚ್ಚು. ಅಂದರೆ ತೂಕ ಹೆಚ್ಚೇ ಬೇಕು. ತಲೆಗೆ ಹತ್ತರ ಬದಲು ಎಂಟು ಕಳೆ. ನಲವತ್ತರಲ್ಲಿ ಎಂಟು ಹೋದರೆ ಮೂವತ್ತೆರಡು. ಹಂಡೆ ಹದಿನಾರು. ಉಳಿದದ್ದು ಹದಿನಾರು. ಕಾಲೂರಲು ಎಂಟು, ಇಪ್ಪತ್ತನಾಲ್ಕು. ಅಂಜಿಕೆಗೆ ಎಷ್ಟು ಎಂದು ಕೇಳಿದೆ. ನಕ್ಕಳು. ಹಗ್ಗ ಹಿಡಿಯುವ ನನ್ನ ಅಂಜಿಕೆಗಾದರೆ ಗಿರಣಿಯ ಬಟ್ಟುಗಳೆಲ್ಲ ಸೇರಿದರೂ ಸಾಲವು.