ವಿಭೂತಿ ಸಮೇತ ನಕಲಾದ ಯಂತ್ರ

ಗುವಾಂಗ್‌ಝೌ, ಚೀನಾ, ಬುಧವಾರ

ಚಿಕ್ಕಪ್ಪನವರಿಗೆ ನಮಸ್ಕಾರ. ಫೋನಿನಲ್ಲಿ ಬೈದರೆ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾರ್ಡು.

ಇಲ್ಲಿನ ಯಂತ್ರಮೇಳದಲ್ಲಿ ನಮ್ಮ ಶುಂಠಿ ತೊಳೆಯುವ ಯಂತ್ರದ ನಕಲು ಮಾರುತ್ತಿದ್ದಾರೆ. ಪೂಜೆಯ ದಿನ ನೀವು ಹಚ್ಚಿದ ಮೂರೆಳೆ ವಿಭೂತಿಯನ್ನೂ ಬಿಡದೆ ಬಿಳಿ ಪೇಂಟಿನಲ್ಲಿ ಬಳಿದಿದ್ದಾರೆ! ನಮ್ಮ ಚೀನಾ ಪೇಟೆಂಟ್ ತೋರಿಸಿ ಜಗಳಕ್ಕೆ ನಿಂತೆ. ಮಳಿಗೆಯವನು ನಗುತ್ತಾ ಮೊಬೈಲಿನಲ್ಲಿ ನೀವು ಇಂಟರ್ನೆಟ್ಟಿಗೆ ಬಿಟ್ಟಿದ್ದ ಆಯುಧಪೂಜೆಯ ವಿಡಿಯೊ ಹಾಕಿದ. ಶಿಕಾರಿಪುರದ ನಮ್ಮ ಶೆಡ್ಡಿನಲ್ಲಿ ಯಂತ್ರದ ಮುಚ್ಚಳ ತೆಗೆದು ನೀವು ಹೇಳುತ್ತಿದ್ದೀರಿ: "ಒಳಗೂ ನೋಡ್ರೀ, ಮುಚ್ಚಿಡಾಕೆ ಏನೈತಿ?"

ಅರ್ಜಿ ಹಾಕುವ ಮೊದಲೇ ಲೋಕಕ್ಕೆಲ್ಲ ತೋರಿಸಿದ್ದರಿಂದ ಪೇಟೆಂಟ್ ನಿಲ್ಲುವುದಿಲ್ಲ ಎಂದು ವಕೀಲರು ಕೈಚೆಲ್ಲಿದರು. ಸಿಟ್ಟಿಗೆ ಎರಡು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಸೊರಬದಲ್ಲಿರುವ ಹೊಸ ಯಂತ್ರಕ್ಕೆ ಮೊದಲು ಬೀಗ ಹಾಕಿ. ಅದರ ಬಗ್ಗೆ ಇಲ್ಲಿ ಒಂದಕ್ಷರವೂ ಬರೆಯುವುದಿಲ್ಲ. ಈ ಕಾರ್ಡನ್ನೂ ನೀವು ಫೋಟೊ ಹೊಡೆದು ಗ್ರೂಪಿಗೆ ಹಾಕುತ್ತೀರಿ.

ಶಿವಲೀಲಾ